ಎಂಜಿನ್ ನಿಂತ ಮೇಲೆ ಹೋದ ಸಿಗ್ನಲ್: ಹಾಸನದ ವರ್ಕ್‌ಶಾಪೊಂದರ ರೋಟರ್ ಟೆಲಿಮೆಟ್ರಿ ಪ್ರಕರಣ

ಇದು ನಡೆದದ್ದು ಹಾಸನದ ಹೊರವಲಯದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ. ರೋಟರ್ ಅಂದರೆ ಯಂತ್ರದ ತಿರುಗುವ ಭಾಗ, ಟೆಲಿಮೆಟ್ರಿ ಅಂದರೆ ಮುಟ್ಟದೆ ದೂರದಿಂದಲೇ ಅಳತೆ ತರಿಸಿಕೊಳ್ಳುವುದು. ವರ್ಕ್‌ಶಾಪಿನ ಹೆಸರು, ಕೆಲಸ ಕೊಟ್ಟ ಕಂಪನಿಯ ಹೆಸರು, ಜನರ ಹೆಸರು ಯಾವುದೂ ಇಲ್ಲಿಲ್ಲ. ಗುರುತು ಸಿಗದಿರಲಿ ಅಂತ ಯಂತ್ರದ ಕೆಲವು ಅಳತೆಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ನಾನು ಈ ಕೆಲಸದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇದ್ದವನು. ಮಾಲೀಕರು ಕರೆದಾಗ ಹೋಗಿ ಲೆಕ್ಕ ನೋಡಿಕೊಡುತ್ತಿದ್ದೆ, ಅಷ್ಟೆ.

ಹಿನ್ನೆಲೆ

ವರ್ಕ್‌ಶಾಪಿನ ಅಸಲು ಕಸುಬು ಲಾರಿ, ಬಸ್ಸುಗಳ ಟರ್ಬೋಚಾರ್ಜರ್ ರಿಪೇರಿ. ಬೆಂಗಳೂರು–ಮಂಗಳೂರು ರಸ್ತೆ ಮಗ್ಗುಲಲ್ಲೇ ಇದೆ. ಶಿರಾಡಿ ಘಾಟಿ ಹತ್ತಿಳಿಯುವ ಗಾಡಿಗಳು ಇರುವತನಕ ಈ ಕಸುಬಿಗೆ ಬರವಿಲ್ಲ. ಟರ್ಬೋ ಅಂದರೂ ಒಂದು ಪುಟ್ಟ ಟರ್ಬೈನೇ. ಒಂದು ತುದಿಯಲ್ಲಿ ಹೊಗೆಯ ಬಿಸಿಗೆ ತಿರುಗುವ ಚಕ್ರ, ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಚಕ್ರ (ಕಂಪ್ರೆಸರ್), ನಡುವೆ ಎಣ್ಣೆಯಲ್ಲಿ ತೇಲುವ ಶಾಫ್ಟ್. ಇದನ್ನು ಸರಿಯಾಗಿ ಬ್ಯಾಲೆನ್ಸ್ ಮಾಡದಿದ್ದರೆ ಎರಡೇ ದಿನಕ್ಕೆ ಬೇರಿಂಗ್ ಹಾಳು. ಹಾಗಾಗಿ ಇವರ ಬಳಿ ಒಳ್ಳೆಯ ಬ್ಯಾಲೆನ್ಸಿಂಗ್ ಯಂತ್ರ ಇತ್ತು, ಅದನ್ನು ಬಳಸುವ ಕೈಯೂ ಇತ್ತು.

ಬೆಂಗಳೂರಿನ ಒಂದು ಸಣ್ಣ ಕಂಪನಿ ಇವರನ್ನು ಹುಡುಕಿಕೊಂಡು ಬಂದದ್ದು ಇದಕ್ಕೇ. ಅವರು ಡ್ರೋನಿಗೆ ಹಾಕುವ ಚಿಕ್ಕ ಗ್ಯಾಸ್ ಟರ್ಬೈನ್ ಮಾಡುತ್ತಿದ್ದರು. ಅದಕ್ಕೂ ಮೊದಲು ಟರ್ಬೋದ ಭಾಗಗಳಿಂದಲೇ ಒಂದು ಪರೀಕ್ಷಾ ಎಂಜಿನ್ ಕಟ್ಟಿ ಓಡಿಸಬೇಕಿತ್ತು. ವೇಗ ನಿಮಿಷಕ್ಕೆ 36,000 ಸುತ್ತು, ಅಂದರೆ ಸೆಕೆಂಡಿಗೆ 600. ಪ್ರಶ್ನೆ ಒಂದೇ: ಎಂಜಿನ್ ಓಡುತ್ತಿರುವಾಗ ಟರ್ಬೈನ್ ಚಕ್ರದ ಬುಡ ಎಷ್ಟು ಬಿಸಿಯಾಗುತ್ತದೆ? ಬಿಸಿ ಬುಡದಿಂದ ಶಾಫ್ಟ್ ಹಿಡಿದು ಬೇರಿಂಗ್‌ವರೆಗೆ ಎಷ್ಟು ಬರುತ್ತದೆ?

ನಿಂತಿರುವ ಭಾಗಕ್ಕಾದರೆ ಇದು ಪ್ರಶ್ನೆಯೇ ಅಲ್ಲ. ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುವ, ಎರಡು ಬೇರೆ ಲೋಹಗಳ ತಂತಿ ಜೋಡಿ) ವೆಲ್ಡ್ ಮಾಡಿ, ತಂತಿ ಹೊರಗೆ ಎಳೆದು, ಮೀಟರಿಗೆ ಕೊಟ್ಟರೆ ಮುಗಿಯಿತು. ಸೆಕೆಂಡಿಗೆ 600 ಸುತ್ತು ಹೊಡೆಯುವ ಶಾಫ್ಟಿನಿಂದ ತಂತಿ ಎಳೆಯುವುದು ಹೇಗೆ?

ಮೊದಲು ಬಿಟ್ಟ ದಾರಿಗಳು

ಹಳೆಯ ದಾರಿ ಸ್ಲಿಪ್ ರಿಂಗ್. ತಿರುಗುವ ಉಂಗುರದ ಮೇಲೆ ಬ್ರಷ್ ಒತ್ತಿ ಸಿಗ್ನಲ್ ಹೊರಗೆ ತೆಗೆಯುವುದು. ಕಡಿಮೆ ವೇಗದಲ್ಲಿ ಚೆನ್ನಾಗಿ ನಡೆಯುತ್ತದೆ. ಈ ವೇಗದಲ್ಲಿ ಬ್ರಷ್ ಬಿಸಿಯಾಗಿ ಕುಣಿಯುತ್ತದೆ, ಸವೆಯುತ್ತದೆ, ಪುಡಿ ಉದುರಿಸುತ್ತದೆ. ಕೆ-ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಬ್ರಷ್ಷಿನ ಗಲಾಟೆಯಲ್ಲಿ ಅದು ಕೇಳಿಸುವುದೇ ಇಲ್ಲ. ಹೆಚ್ಚು ವೇಗಕ್ಕೆಂದೇ ಮಾಡಿದ, ತಂಪು ಮಾಡುವ ವ್ಯವಸ್ಥೆ ಇರುವ ಸ್ಲಿಪ್ ರಿಂಗ್‌ಗಳು ದೊಡ್ಡ ಎಂಜಿನ್ ಲ್ಯಾಬುಗಳಲ್ಲಿ ಇರುತ್ತವೆ. ಅದರ ಬೆಲೆ ಕೇಳಿ ಮಾಲೀಕರು ಫೋನ್ ಕೆಳಗಿಟ್ಟರು.

ಎರಡನೆಯದು ಬ್ಯಾಟರಿ. ಶಾಫ್ಟಿನ ಮೇಲೊಂದು ಬಟನ್ ಸೆಲ್, ಒಂದು ಬ್ಲೂಟೂತ್ ಚಿಪ್ ಕೂರಿಸಿದರಾಯಿತು ಅಂತ ಹುಡುಗರ ಯೋಚನೆ. ಲೆಕ್ಕ ಹಾಕಿ ನೋಡಿದೆವು. ಅಕ್ಷದಿಂದ 15 ಮಿಲಿಮೀಟರ್ ದೂರದಲ್ಲಿ, ಈ ವೇಗದಲ್ಲಿ, ಪ್ರತಿ ವಸ್ತುವೂ ತನ್ನ ತೂಕದ ಸುಮಾರು 21,700 ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ. ಮೂರು ಗ್ರಾಂ ಸೆಲ್ಲು 65 ಕಿಲೋ ಆಗುತ್ತದೆ. ಅದನ್ನು ಹೊತ್ತ ಸರ್ಕ್ಯೂಟ್ ಬೋರ್ಡಿನ ಮೇಲೆ ಒಬ್ಬ ಆಳು ಹತ್ತಿ ನಿಂತ ಹಾಗೆ. ಸೆಲ್ಲನ್ನು ಸರಿಯಾಗಿ ಅಕ್ಷದ ನಡುವೆ ಕೂರಿಸಿದರೆ ಇದರಿಂದ ಸ್ವಲ್ಪ ತಪ್ಪಿಸಿಕೊಳ್ಳಬಹುದು. ಆದರೆ ಬಿಸಿಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಲಿಥಿಯಂ ಕರಗುವುದೇ 180 ಡಿಗ್ರಿಗೆ. ಸಾಮಾನ್ಯ ಬಟನ್ ಸೆಲ್ಲು ಅದಕ್ಕಿಂತ ಎಷ್ಟೋ ಮೊದಲೇ ಕೈ ಎತ್ತುತ್ತದೆ.

ಮೂರನೆಯ ದಾರಿ ನಿಜಕ್ಕೂ ಆಸೆ ಹುಟ್ಟಿಸುವಂಥದ್ದು. ಹೊರಗೆ ಸ್ಥಿರವಾದ ಆಯಸ್ಕಾಂತಗಳು, ಶಾಫ್ಟಿನ ಮೇಲೆ ಒಂದು ಸುರುಳಿ. ಶಾಫ್ಟ್ ತಿರುಗಿದಾಗ ತಾನೇ ಕರೆಂಟ್ ಹುಟ್ಟುತ್ತದೆ. ಹೊರಗಿನಿಂದ ಪವರ್ ಕೊಡುವ ರಗಳೆಯೇ ಇಲ್ಲ. ಪವರ್ ವಿಭಾಗ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಇದೇ ಇಷ್ಟವಾಗಿತ್ತು. ಮಾಲೀಕರು ಬೇಡ ಅಂದರು. ಅವರ ಕಾರಣ ಬಹಳ ಸಾದಾ: "ಬೋರ್ಡ್ ಬದುಕಿದೆಯೋ ಸತ್ತಿದೆಯೋ ನೋಡೋಕೂ ಎಂಜಿನ್ ಹಚ್ಚಬೇಕಾ? ನಿಂತಾಗಲೂ ಮಾತಾಡಬೇಕು ಅದು." ಅನುಕೂಲಕ್ಕೆಂದು ಹೇಳಿದ ಮಾತು. ಆದರೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಆಯ್ದುಕೊಂಡ ದಾರಿ

ಉಳಿದದ್ದು ಇಂಡಕ್ಷನ್. ಸ್ಥಿರ ಭಾಗದಲ್ಲಿ ಒಂದು ಸುರುಳಿ, ಶಾಫ್ಟಿನ ಮೇಲೆ ಇನ್ನೊಂದು, ನಡುವೆ ಒಂದು ಮಿಲಿಮೀಟರ್ ಗಾಳಿ. ಹೊರಗಿನ ಸುರುಳಿಗೆ 125 ಕಿಲೋಹರ್ಟ್ಸ್ ಕೊಟ್ಟರೆ ಒಳಗಿನದರಲ್ಲಿ ಕರೆಂಟ್ ಬರುತ್ತದೆ. ಫೋನನ್ನು ತಂತಿಯಿಲ್ಲದೆ ಚಾರ್ಜ್ ಮಾಡುವ ಪ್ಯಾಡ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಇದೇ ಫ್ರೀಕ್ವೆನ್ಸಿಯಲ್ಲಿ, ಇದೇ ರೀತಿ. ಎರಡೂ ಕಡೆ ಕೆಪಾಸಿಟರ್ ಹಾಕಿ ಒಂದೇ ಫ್ರೀಕ್ವೆನ್ಸಿಗೆ ಶ್ರುತಿ ಮಾಡಬೇಕು. ಸುತ್ತ ಎಲ್ಲ ಕಬ್ಬಿಣ, ಅಲ್ಯೂಮಿನಿಯಂ. ಕಾಂತಕ್ಷೇತ್ರ ಲೋಹಕ್ಕೆ ಹೊಕ್ಕರೆ ಅಲ್ಲೇ ಸುಳಿ ಕರೆಂಟ್ ಹುಟ್ಟಿ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಸುರುಳಿಯ ಹಿಂದೆ ಫೆರೈಟ್ (ಕಾಂತಗುಣ ಇರುವ, ಕಲ್ಲಿನಂಥ ಸೆರಾಮಿಕ್) ಉಂಗುರ ಇಟ್ಟು ಕ್ಷೇತ್ರವನ್ನು ಅದರೊಳಗೇ ತಿರುಗಿಸಿದರು.

ಡೇಟಾಗೆ ಮೊದಲು ಬ್ಲೂಟೂತನ್ನೇ ಪ್ರಯತ್ನಿಸಿದರು. ಲೋಹದ ಗೂಡಿನೊಳಗೆ ರೇಡಿಯೋ ಅಲೆ ಎಲ್ಲ ಗೋಡೆಗೂ ಬಡಿದು ವಾಪಸ್ ಬರುತ್ತದೆ. ಶಾಫ್ಟ್ ತಿರುಗುವ ಪ್ರತಿ ಕೋನದಲ್ಲೂ ಸಿಗ್ನಲ್ ಏರಿಳಿಯುತ್ತದೆ. ಪ್ಯಾಕೆಟ್‌ಗಳು, ಅಂದರೆ ಡೇಟಾದ ಕಂತುಗಳು, ಸಿಕ್ಕಾಪಟ್ಟೆ ಬಿದ್ದುಹೋಗುತ್ತಿದ್ದವು. ಫರ್ಮ್‌ವೇರ್ (ಬೋರ್ಡಿನ ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಬರೆಯುತ್ತಿದ್ದ ಹುಡುಗಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು: ನಮಗೆ ಎಷ್ಟು ಡೇಟಾ ಬೇಕು? ಬಿಸಿ ನಿಧಾನವಾಗಿ ಬದಲಾಗುವ ವಿಷಯ. ಸೆಕೆಂಡಿಗೆ ಹತ್ತು ಸಲ ಓದಿದರೆ ಸಾಕಲ್ವಾ? ಅಷ್ಟಕ್ಕೆ ರೇಡಿಯೋನೇ ಬೇಡ. ಪವರ್ ತರುವ ಸುರುಳಿಯ ಮೇಲೆ ಲೋಡನ್ನು ಹೆಚ್ಚುಕಡಿಮೆ ಮಾಡಿದರೆ ಹೊರಗಿನ ಸುರುಳಿಗೆ ಅದು ಗೊತ್ತಾಗುತ್ತದೆ. ಆಫೀಸಿನ ಬಾಗಿಲಿಗೆ ತೋರಿಸುವ ಕಾರ್ಡು ಕೆಲಸ ಮಾಡುವುದು ಇದೇ ತತ್ವದ ಮೇಲೆ. ಒಂದೇ ಜೋಡಿ ಸುರುಳಿಯಲ್ಲಿ ಪವರ್ ಒಳಗೆ, ಡೇಟಾ ಹೊರಗೆ.

ಇದರ ಜೊತೆ ಇನ್ನೊಂದು ಕಷ್ಟದ ಮಾತು ಹೇಳಬೇಕಾಯಿತು. ಕಂಪನಿಯವರು ಬ್ಲೇಡಿನ ಕಂಪನ ಅಳೆಯಲು ಸ್ಟ್ರೇನ್ ಗೇಜನ್ನೂ ಕೇಳಿದ್ದರು. ಅದಕ್ಕೆ ಸೆಕೆಂಡಿಗೆ ಹತ್ತಾರು ಸಾವಿರ ಓದು ಬೇಕು. ಈ ದಾರಿಯಲ್ಲಿ ಆಗುವುದಿಲ್ಲ. ಮಾಲೀಕರು ಅದನ್ನು ಆರ್ಡರಿನಿಂದಲೇ ತೆಗೆಸಿದರು. ದುಡ್ಡೂ ಅಷ್ಟು ಕಡಿಮೆಯಾಯಿತು. ಸಣ್ಣ ವರ್ಕ್‌ಶಾಪಿನವರು ಇಂಥ ಹೊತ್ತಲ್ಲಿ "ನೋಡೋಣ ಬಿಡಿ, ಮಾಡೋಣ" ಅಂತ ಒಪ್ಪಿಕೊಂಡು ಸಿಕ್ಕಿಹಾಕಿಕೊಳ್ಳುವುದೇ ಜಾಸ್ತಿ. ಇವರು ಒಪ್ಪಿಕೊಳ್ಳಲಿಲ್ಲ.

ಬೋರ್ಡ್ ಕಟ್ಟುವ ಕೆಲಸದಲ್ಲಿ ರಿಪೇರಿ ಕಸುಬಿನ ಅನುಭವ ಕೈಹಿಡಿಯಿತು. ಬಿಡಿಭಾಗಗಳನ್ನೆಲ್ಲ ಬೋರ್ಡಿನ ಒಳಮುಖಕ್ಕೆ, ಅಂದರೆ ಅಕ್ಷದ ಕಡೆಗೆ ಕೂರಿಸಿದರು. ಹಾಗಾದರೆ ಹೊರಕ್ಕೆ ತಳ್ಳುವ ಬಲ ಅವನ್ನು ಬೋರ್ಡಿಗೇ ಒತ್ತುತ್ತದೆ, ಕೀಳುವುದಿಲ್ಲ. ಎಲ್ಲವನ್ನೂ ಸ್ಟೀಲ್ ಬಟ್ಟಲಿನೊಳಗೆ ಇಟ್ಟು ಎಪಾಕ್ಸಿ ಸುರಿದರು. ಎಪಾಕ್ಸಿಯಲ್ಲಿ ಗಾಳಿಗುಳ್ಳೆ ಉಳಿದರೆ ಬ್ಯಾಲೆನ್ಸ್ ತಪ್ಪುತ್ತದೆ. ಅದಕ್ಕೆ ನಿರ್ವಾತದಲ್ಲಿ ಗುಳ್ಳೆ ತೆಗೆದು, ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ, ಬಟ್ಟಲಿನ ಅಂಚನ್ನು ಚೂರುಚೂರೇ ಕೊರೆದು ಸರಿಮಾಡಿದರು. ಓಡುವಾಗ ಏನಾದರೂ ಸಿಡಿದರೆ ಹಿಡಿಯಲು ಸುತ್ತ ದಪ್ಪ ಉಕ್ಕಿನ ಬಳೆ ಇತ್ತು. ಕಂಟ್ರೋಲ್ ಟೇಬಲ್ ಗೋಡೆಯಾಚೆ.

ಎಲ್ಲಿ ಇಡುವುದು ಅನ್ನುವುದರ ಮೇಲೆ ಜಗಳವಾಯಿತು. ಸಹಜವಾದ ಜಾಗ ಕಂಪ್ರೆಸರ್ ಮೂತಿ. ತಣ್ಣನೆ ಗಾಳಿ ಒಳಬರುವ ಕಡೆ. ಆದರೆ ಕಂಪನಿಯ ಏರೋ ವಿಭಾಗದವರು ಸುತಾರಾಂ ಒಪ್ಪಲಿಲ್ಲ. ಗಾಳಿ ಬರುವ ಬಾಯಿಗೆ ಏನನ್ನೂ ಅಡ್ಡ ಇಡಬಾರದು, ಕಳಚಿ ಬಿದ್ದರೆ ಕಂಪ್ರೆಸರ್ ನುಂಗುತ್ತದೆ ಅಂತ ಅವರ ಭಯ. ಭಯ ಸುಳ್ಳೇನಲ್ಲ. ಕೊನೆಗೆ ಎರಡು ಚಕ್ರಗಳ ನಡುವಿನ ಸುರಂಗದಲ್ಲಿ ಜಾಗ ಮಾಡಿದರು. ಬೋರ್ಡಿಗೆ ಕಂಪ್ರೆಸರ್ ಪಕ್ಕದ ತುದಿ, ಸುರುಳಿಗೆ ಟರ್ಬೈನ್ ಪಕ್ಕದ ಬೇರಿಂಗ್ ಹತ್ತಿರ. ಬೋರ್ಡ್ ಸುರಕ್ಷಿತವಾಗಿದ್ದರೆ ಸಾಕು, ಸುರುಳಿ ಅಂದರೆ ಬರೀ ತಾಮ್ರ ಮತ್ತು ಕಲ್ಲು ತಾನೇ ಅನ್ನುವುದು ಆಗಿನ ಲೆಕ್ಕಾಚಾರ.

ಸುಳ್ಳು ಬಿಸಿ

ತಣ್ಣಗಿದ್ದಾಗ ಎಲ್ಲ ಸರಿ. ಗಾಳಿ ಊದಿ ತಿರುಗಿಸಿದಾಗಲೂ ಸರಿ. ಗ್ಯಾಸ್ ಹಚ್ಚಿ ಓಡಿಸಿದಾಗ ಹೊಸ ಕಥೆ ಶುರುವಾಯಿತು. ಪೂರ್ತಿ ವೇಗಕ್ಕೆ ಬಂದು ಸ್ವಲ್ಪ ಹೊತ್ತಿಗೆ ಬುಡದ ಬಿಸಿ 400ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಆಮೇಲೆ ಮೆಲ್ಲಗೆ ಮತ್ತೆ ಏರಲು ಶುರು. 410, 420, 427. ಅದು ಅಲ್ಲಿಗೂ ನಿಲ್ಲುವ ಹಾಗೆ ಕಾಣುತ್ತಿರಲಿಲ್ಲ. ಬೇರಿಂಗ್ ಉಜ್ಜುತ್ತಿದೆ ಅಂತ ಹೆದರಿ ಎಂಜಿನ್ ನಿಲ್ಲಿಸಿದರು. ಬಿಚ್ಚಿ ನೋಡಿದರೆ ಬೇರಿಂಗ್ ಕನ್ನಡಿ ಹಾಗಿದೆ. ಮತ್ತೆ ಜೋಡಿಸಿ ಓಡಿಸಿದರು. ಮತ್ತೆ ಅದೇ.

ಅನುಮಾನ ಪಡಲು ಒಂದು ಕಾರಣ ಕಣ್ಣೆದುರೇ ಇತ್ತು. ಹೊರಹೋಗುವ ಹೊಗೆಯ ಬಿಸಿ, ಎಣ್ಣೆಯ ಬಿಸಿ ಎರಡೂ ಅಲುಗಿರಲಿಲ್ಲ. ಅವು ನಿಂತಿರುವ ಭಾಗದಲ್ಲಿ ತಂತಿಯಿಂದ ಅಳೆದವು. ಶಾಫ್ಟ್ ಮಾತ್ರ ಬಿಸಿಯಾಗಿ, ಅದನ್ನು ತೊಳೆಯುವ ಎಣ್ಣೆ ಬಿಸಿಯಾಗದೆ ಇರುತ್ತದಾ? ಆದರೆ ವರ್ಕ್‌ಶಾಪಿನಲ್ಲಿ ಮಾತು ಬೇರೆ ಕಡೆ ತಿರುಗಿತು. ಡೇಟಾ ಹುಡುಗಿಯ ಪ್ರಕಾರ ಪವರ್ ಸರಿ ಬರುತ್ತಿಲ್ಲ. ಪವರ್ ಹುಡುಗನ ಪ್ರಕಾರ ಪ್ಯಾಕೆಟ್ ಬರುತ್ತಿದೆ ಅಂದ ಮೇಲೆ ಪವರ್ ಇದೆ ಅಂತಲೇ ಅರ್ಥ, ತಪ್ಪು ಫರ್ಮ್‌ವೇರಿನಲ್ಲಿದೆ. ಇಬ್ಬರೂ ತಮ್ಮ ತಮ್ಮ ಅರ್ಧವನ್ನು ಟೇಬಲ್ ಮೇಲೆ ಪರೀಕ್ಷಿಸಿ ಸರಿ ಇದೆ ಅಂತ ತೋರಿಸಿದರು. ನಿಜಕ್ಕೂ ಸರಿಯೇ ಇತ್ತು. ಕೆಲಸವನ್ನು ಪವರ್ ಒಂದು, ಡೇಟಾ ಒಂದು ಅಂತ ಎರಡು ಹೋಳು ಮಾಡಿದ್ದೇ ಕಷ್ಟದ ಮೂಲ ಅಂತ ನನ್ನ ಅಭಿಪ್ರಾಯ. ತೊಂದರೆ ಕೂತಿದ್ದದ್ದು ಆ ಹೋಳಿನ ಗೆರೆಯ ಮೇಲೆ. ಅದು ಯಾರ ಟೇಬಲ್ಲಿನ ಮೇಲೂ ಬರಲಿಲ್ಲ.

ಇಲ್ಲಿ ಹಾಸನ ನೆರವಿಗೆ ಬಂತು ಅಂತಲೇ ಹೇಳಬೇಕು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಊರಿನವರಿಗೆಲ್ಲ ಗೊತ್ತು. 1982ರಿಂದ ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಟೆಲಿಮೆಟ್ರಿ ಅನ್ನುವ ಪದ ಇಲ್ಲಿ ಅಷ್ಟೇನೂ ಅಪರಿಚಿತವಲ್ಲ. ಉಪಗ್ರಹದ ಡೇಟಾ ನೋಡುತ್ತಾ ವರ್ಷಗಟ್ಟಲೆ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಮಾಲೀಕರಿಗೆ ಪರಿಚಯ. ಅವರು ಬಂದು ಪರದೆ ನೋಡಿದರು. ಅಲ್ಲಿ ಎರಡೇ ಅಂಕಿ ಇತ್ತು, ಬುಡದ ಬಿಸಿ ಮತ್ತು ಬೇರಿಂಗ್ ಪಕ್ಕದ ಬಿಸಿ. ಅವರು ಕೇಳಿದ್ದು: "ಬೋರ್ಡು ತನ್ನ ಬಗ್ಗೆ ಏನೂ ಹೇಳ್ತಾನೇ ಇಲ್ವಲ್ಲಪ್ಪ. ಅದಕ್ಕೆ ಎಷ್ಟು ವೋಲ್ಟ್ ಸಿಗ್ತಿದೆ? ಅದೇ ಎಷ್ಟು ಬಿಸಿ ಇದೆ?"

ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಹೋಗಿ ಮುಟ್ಟಿ ನೋಡಲಾಗುವುದಿಲ್ಲ. ಅದಕ್ಕೇ ಅದು ಮಾಡುವ ಕೆಲಸದ ಡೇಟಾ ಜೊತೆಗೆ ತನ್ನ ಬ್ಯಾಟರಿ ವೋಲ್ಟೇಜು, ತನ್ನ ಪ್ಯಾನೆಲ್ಲಿನ ಕರೆಂಟು, ತನ್ನ ಮೈ ಬಿಸಿ ಎಲ್ಲ ಕಳಿಸುತ್ತಲೇ ಇರುತ್ತದೆ. ಓಡುತ್ತಿರುವ ರೋಟರೂ ಅಷ್ಟೇ, ಒಂದು ಮಾರು ದೂರದಲ್ಲಿದ್ದರೂ ಮುಟ್ಟಲಾಗುವುದಿಲ್ಲ.

ಪ್ಯಾಕೆಟ್ ಬದಲಾಯಿತು. ಕ್ರಮಸಂಖ್ಯೆ, ಎರಡು ಬಿಸಿ, ಬೋರ್ಡಿನ ಸ್ವಂತ ಬಿಸಿ, ಸುರುಳಿಯಿಂದ ಬರುವ ವೋಲ್ಟೇಜ್, ಕೊನೆಗೆ ತಪ್ಪು ಹಿಡಿಯುವ ಸಂಕೇತ. ಇದರ ಜೊತೆ ಹುಡುಗಿ ತಾನೇ ಯೋಚಿಸಿ ಇನ್ನೊಂದು ಸೇರಿಸಿದಳು. ಥರ್ಮೋಕಪಲ್ ಇಲ್ಲದ, ಬರೀ ರೆಸಿಸ್ಟರಿಗೆ ಕಟ್ಟಿದ ಒಂದು ಡಮ್ಮಿ ಚಾನಲ್. ಅದಕ್ಕೆ ಬೇರೆಯದೇ ಒಂದು ಸ್ಥಿರ ಮೂಲದಿಂದ ಗೊತ್ತಿರುವ ಸಣ್ಣ ವೋಲ್ಟೇಜ್ ಕೊಟ್ಟಿರುತ್ತದೆ. ಅದು ಎಂದೂ ಬದಲಾಗಬಾರದು. ಅದೂ ಅಲುಗಿದರೆ ಅಲುಗುತ್ತಿರುವುದು ಟರ್ಬೈನ್ ಅಲ್ಲ, ಸರ್ಕ್ಯೂಟ್.

ಮುಂದಿನ ಓಟದಲ್ಲಿ ಬುಡದ ಬಿಸಿ ಏರಲು ಶುರುವಾದ ಕ್ಷಣದಲ್ಲೇ ಡಮ್ಮಿಯೂ ಏರಿತು. ಪಕ್ಕದ ಗೆರೆಯಲ್ಲಿ ವೋಲ್ಟೇಜ್ ಇಳಿಯುತ್ತಿತ್ತು.

ನಡೆದದ್ದು ಹೀಗೆ. ಶ್ರುತಿಗೆ ಹಾಕಿದ್ದ ಕೆಪಾಸಿಟರ್ ಎಕ್ಸ್7ಆರ್ ಜಾತಿಯದು. ಅಗ್ಗ, ಚಿಕ್ಕದು, ಎಲ್ಲ ಕಡೆ ಸಿಗುತ್ತದೆ. ಆದರೆ ಬಿಸಿಗೆ ಅದರ ಕೆಪಾಸಿಟೆನ್ಸ್ ಶೇಕಡ 15ರವರೆಗೆ ಬದಲಾಗಬಹುದು. ಅತ್ತ ಶಾಫ್ಟ್ ಬಿಸಿಯಾಗಿ ಉದ್ದವಾಗಿ, ಸುರುಳಿಗಳ ನಡುವಿನ ಸಂದು ಅಗಲವಾಯಿತು. ಎರಡೂ ಸೇರಿ ಶ್ರುತಿ ತಪ್ಪಿತು, ಒಳಗೆ ಬರುವ ವೋಲ್ಟೇಜ್ ಕುಸಿಯಿತು. ಚಿಪ್ಪು ಆರಿಹೋಗುವಷ್ಟು ಕುಸಿಯಲಿಲ್ಲ, ಅದೇ ಕೆಟ್ಟದ್ದು. ಪ್ಯಾಕೆಟ್ ಬರುತ್ತಲೇ ಇತ್ತು. ಆದರೆ ಅಳತೆಗೆ ಆಧಾರವಾದ ರೆಫರೆನ್ಸ್ ವೋಲ್ಟೇಜ್ ಸುಮಾರು ಶೇಕಡ 8 ಇಳಿದಿತ್ತು. ಅಳೆಯುವ ಕೋಲೇ ಗಿಡ್ಡವಾದರೆ ಅಳತೆ ಜಾಸ್ತಿ ಬರುತ್ತದೆ. ಥರ್ಮೋಕಪಲ್ ಹೇಳುವುದು ಬುಡಕ್ಕೂ ಬೋರ್ಡಿಗೂ ಇರುವ ಬಿಸಿಯ ಅಂತರವನ್ನಷ್ಟೆ, ಹಾಗಾಗಿ ಉಬ್ಬಿದ್ದು ಆ ಅಂತರ ಮಾತ್ರ. 400 ಡಿಗ್ರಿ 427 ಆಗಿ ಕಂಡದ್ದು ಹೀಗೆ.

ಸರಿಮಾಡುವುದು ಕಷ್ಟವಾಗಲಿಲ್ಲ. ಬಿಸಿಗೆ ಬಗ್ಗದ ಸಿ0ಜಿ ಕೆಪಾಸಿಟರ್ ಹಾಕಿದರು, ಅದರಲ್ಲೂ 200 ಡಿಗ್ರಿಗೆಂದೇ ಮಾಡಿದ್ದು. ಹೊರಗಿನ ಡ್ರೈವರ್ ಈಗ ಬೋರ್ಡ್ ಕಳಿಸುವ ವೋಲ್ಟೇಜ್ ನೋಡಿ ತಾನೇ ಪವರ್ ಏರಿಸುತ್ತದೆ. ವೋಲ್ಟೇಜ್ ಒಂದು ಮಿತಿಗಿಂತ ಕೆಳಗಿದ್ದರೆ ಬಿಸಿಯ ಅಂಕಿಯನ್ನು ಪರದೆ ತೋರಿಸುವುದೇ ಇಲ್ಲ, ಖಾಲಿ ಬಿಡುತ್ತದೆ. ತಪ್ಪು ಅಂಕಿಗಿಂತ ಖಾಲಿ ಜಾಗ ವಾಸಿ ಅಂತ ಎಲ್ಲರೂ ಒಪ್ಪಿದರು.

ನಿಲ್ಲಿಸಿದ ಮೇಲೆ

ಈಗ ಓಡುವಾಗಿನ ಡೇಟಾ ಚೆನ್ನಾಗಿ ಬರಲು ಶುರುವಾಯಿತು. ಕೆಲಸ ಮುಗಿಯಿತು ಅಂದುಕೊಂಡಿದ್ದಾಗ ಇನ್ನೊಂದು ವಿಚಿತ್ರ. ಎಂಜಿನ್ ನಿಲ್ಲಿಸಿ ಕೆಲವು ನಿಮಿಷಕ್ಕೆ ಸಿಗ್ನಲ್ ಪೂರ್ತಿ ಹೋಗುತ್ತಿತ್ತು. ಟೀ ಕುಡಿದು ಬರುವಷ್ಟರಲ್ಲಿ ತಾನೇ ವಾಪಸ್ ಬಂದಿರುತ್ತಿತ್ತು.

ಮೊದಲ ಅನುಮಾನ ಬೆಸುಗೆಯ ಮೇಲೆ. ಬಿಸಿಗೆ ಬಿಟ್ಟು, ತಣ್ಣಗಾದಾಗ ಕೂಡುವ ಬಿರುಕು ಇರಬಹುದು. ಬೆಸುಗೆ ಹೊಸದಾಗಿ ಹಾಕಿದರು, ತಂತಿ ಬದಲಿಸಿದರು. ಏನೂ ಬದಲಾಗಲಿಲ್ಲ. ಕಂಪನಿಯವರು ಇದನ್ನು ಬಿಟ್ಟುಬಿಡಿ ಅಂದರು. ಅವರಿಗೆ ಬೇಕಿದ್ದದ್ದು ಓಡುವಾಗಿನ ಡೇಟಾ. ನಿಂತ ಮೇಲೆ ಸಿಗ್ನಲ್ ಇದ್ದರೆಷ್ಟು, ಬಿಟ್ಟರೆಷ್ಟು?

ಬಿಡದಿರಲು ಕಾರಣವಾದದ್ದು ಹಿರಿಯ ಮೆಕ್ಯಾನಿಕ್. ಇಲೆಕ್ಟ್ರಾನಿಕ್ಸ್ ಕಡೆ ತಲೆ ಹಾಕದ ಮನುಷ್ಯ. ಸುರಂಗ ಬಿಚ್ಚಿದಾಗ ಟರ್ಬೈನ್ ಪಕ್ಕದ ಬೇರಿಂಗಿನ ಸುತ್ತ ಕಂದು ಬಣ್ಣದ ಗಟ್ಟಿ ಪದರ ಕಂಡಿತು. ಉಗುರಿನಿಂದ ಕೆರೆದು ಹೇಳಿದರು: "ಎಣ್ಣೆ ಸುಟ್ಟಿದೆ. ಟರ್ಬೋ ಸಾಯೋದು ಓಡುವಾಗ ಅಲ್ಲ ಕಣ್ರಪ್ಪ, ಆಫ್ ಮಾಡಿದಾಗ."

ಲಾರಿ ಡ್ರೈವರುಗಳಿಗೆ ಇದು ಗೊತ್ತಿರುವ ಪಾಠ. ಘಾಟಿ ಹತ್ತಿ ಬಂದು ಸಕಲೇಶಪುರದಲ್ಲಿ ಟೀಗೆ ನಿಲ್ಲಿಸಿದರೆ, ಕೀ ತಿರುಗಿಸುವ ಮುಂಚೆ ಎರಡು ಮೂರು ನಿಮಿಷ ಎಂಜಿನನ್ನು ಸುಮ್ನೆ ಓಡಲು ಬಿಡಬೇಕು. ಓಡುವಾಗ ಎಣ್ಣೆ ಬೇರಿಂಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ಕಂಪ್ರೆಸರಿನ ಗಾಳಿಯೂ ತಂಪು ಮಾಡುತ್ತದೆ. ತಟ್ಟನೆ ನಿಲ್ಲಿಸಿದರೆ ಎರಡೂ ನಿಂತವು. ಚಕ್ರದಲ್ಲಿ ತುಂಬಿಕೊಂಡಿರುವ ಬಿಸಿ ಮಾತ್ರ ಎಲ್ಲಿಗೂ ಹೋಗಿಲ್ಲ. ಅದು ಶಾಫ್ಟ್ ಹಿಡಿದು ಬೇರಿಂಗಿಗೆ ಇಳಿಯುತ್ತದೆ. ಅಲ್ಲೇ ನಿಂತ ಎಣ್ಣೆಯನ್ನು ಸುಡುತ್ತದೆ. ಸುರುಳಿ ಕೂತಿದ್ದದ್ದೂ ಸರಿಯಾಗಿ ಆ ದಾರಿಯಲ್ಲೇ.

ಹಾಗಾದರೆ ಸುರುಳಿಗೆ ಬಿಸಿಯಲ್ಲಿ ಏನಾಗುತ್ತದೆ ಅಂತ ನೋಡಬೇಕಿತ್ತು. ಒಳ್ಳೆಯ ಲ್ಯಾಬ್ ಓವನ್ ಇರಲಿಲ್ಲ. ಹಾಸನ ಜಿಲ್ಲೆಯಲ್ಲಿ ಬೇಕರಿ ಓವನ್ನಿಗೆ ಬರವೇ? ಅರ್ಧ ಬೆಂಗಳೂರಿಗೆ ಬೇಕರಿ ಇಟ್ಟವರು ಇಲ್ಲಿಯವರೇ ಅಲ್ವಾ. ಮುಚ್ಚಿದ ಒಂದು ಬೇಕರಿಯಿಂದ ಹಳೆಯ ಓವನ್ ತಂದರು. ಬನ್ನಿನ ಟ್ರೇ ಮೇಲೆ ಸುರುಳಿ ಇಟ್ಟು, ಬಾಗಿಲ ಸಂದಿನಿಂದ ತಂತಿ ಹೊರಗೆಳೆದು ಇಂಡಕ್ಟೆನ್ಸ್ (ಕರೆಂಟಿಗೆ ಸುರುಳಿ ಎಷ್ಟು ಕಾಂತಕ್ಷೇತ್ರ ಹುಟ್ಟಿಸುತ್ತದೆ ಅನ್ನುವ ಅಳತೆ) ಮೀಟರಿಗೆ ಕೊಟ್ಟರು. ಪಕ್ಕಕ್ಕೊಂದು ಥರ್ಮೋಕಪಲ್. 100, 150, 180. ಅಂಕಿ ಇಳಿಯುವ ಬದಲು ಸ್ವಲ್ಪ ಸ್ವಲ್ಪ ಏರುತ್ತಲೇ ಇತ್ತು. 200 ದಾಟಿ ಸ್ವಲ್ಪದರಲ್ಲಿ, ಕೆಲವೇ ಡಿಗ್ರಿಗಳ ಅಂತರದಲ್ಲಿ, ದಬಕ್ಕನೆ ಬಿತ್ತು. ಫೆರೈಟ್ ಇಲ್ಲದ ಬರೀ ತಾಮ್ರದ ಸುರುಳಿಗೆ ಎಷ್ಟಿರಬೇಕೋ ಅಷ್ಟಕ್ಕೆ. ಓವನ್ ಬಾಗಿಲು ತೆಗೆದು ಕಾದರು. ತಣ್ಣಗಾಗುತ್ತಾ ಅದೇ ಜಾಗದಲ್ಲಿ ಅಂಕಿ ಮತ್ತೆ ಎದ್ದು ನಿಂತಿತು.

ಇದು ಕ್ಯೂರಿ ಬಿಂದು. ಪ್ರತಿ ಕಾಂತೀಯ ವಸ್ತುವಿಗೂ ಒಂದು ಬಿಸಿ ಇರುತ್ತದೆ, ಅದನ್ನು ದಾಟಿದರೆ ಕಾಂತಗುಣ ಹೋಗುತ್ತದೆ, ಇಳಿದರೆ ವಾಪಸ್ ಬರುತ್ತದೆ. ಮ್ಯಾಂಗನೀಸ್-ಸತು ಫೆರೈಟುಗಳಲ್ಲಿ ಬಹಳಷ್ಟಕ್ಕೆ ಇದು 200ರ ಆಜುಬಾಜಿನಲ್ಲಿ ಇರುತ್ತದೆ. ಬೆಸುಗೆ ಎಷ್ಟು ಸಲ ಹಾಕಿದರೂ ಸರಿಹೋಗದ ತೊಂದರೆ ಇದು. ಏನೂ ಮುರಿದಿರಲಿಲ್ಲ.

ಓವನ್ನಿನ ಆ ಮಧ್ಯಾಹ್ನ ಕೆಲಸದ ದಿಕ್ಕು ಬದಲಾಯಿತು. ಸಿಗ್ನಲ್ ಹೋಗುವುದೇ ಒಂದು ಅಳತೆ ಅಂತ ಎಲ್ಲರಿಗೂ ಹೊಳೆಯಿತು. ಎಂಜಿನ್ ನಿಂತ ಮೇಲೆ ಬೇರಿಂಗ್ ಪಕ್ಕ 200 ದಾಟುತ್ತಿದೆ. ಓಡುವಾಗ ಅಲ್ಲಿ ಅಷ್ಟು ಬಿಸಿ ಇರಲೇ ಇಲ್ಲ. ಕಂಪನಿ ಕೇಳಿದ್ದು ಓಡುವಾಗಿನ ಬಿಸಿ. ಬೇರಿಂಗನ್ನು ಕೊಲ್ಲುವ ಬಿಸಿ ಬರುತ್ತಿದ್ದದ್ದು ಆಮೇಲೆ. ಶಾಫ್ಟ್ ತಿರುಗಿದರೆ ಮಾತ್ರ ಪವರ್ ಕೊಡುವ ಆಯಸ್ಕಾಂತದ ದಾರಿ ಹಿಡಿದಿದ್ದರೆ ಎಂಜಿನ್ ನಿಂತ ಕೂಡಲೇ ಪರದೆ ಆರುತ್ತಿತ್ತು. ಇದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಜಾಗ ಬದಲು

ಮುಂದೆ ಎರಡು ಆಯ್ಕೆ. ಬಿಸಿ ತಡೆಯುವ ಸಾಮಾನು ಹುಡುಕುವುದು, ಇಲ್ಲವೇ ಬಿಸಿಯಿಂದ ದೂರ ಹೋಗುವುದು. ಬಿಸಿ ತಡೆಯುವ ಇಲೆಕ್ಟ್ರಾನಿಕ್ಸ್ ಇಲ್ಲವೆಂದಲ್ಲ. ಇನ್ಸುಲೇಟರ್ ಮೇಲೆ ಸಿಲಿಕಾನ್ ಕೂರಿಸಿ ಮಾಡಿದ ಚಿಪ್ಪುಗಳು 225 ಡಿಗ್ರಿವರೆಗೂ ನಡೆಯುತ್ತವೆ. ನಾಸಾದವರು ಸಿಲಿಕಾನ್ ಕಾರ್ಬೈಡ್ ಚಿಪ್ಪುಗಳನ್ನು ಶುಕ್ರಗ್ರಹದಂಥ 460 ಡಿಗ್ರಿ ಬಿಸಿ, ಒತ್ತಡದಲ್ಲಿ ಇಟ್ಟು 521 ಗಂಟೆ ನಡೆಸಿದ್ದಾರೆ. ಆದರೆ ಅವು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಪವರೇ ಬೇಡದ, ಲ್ಯಾಂಗಸೈಟ್ ಹರಳಿನ ಮೇಲೆ ಅಲೆ ಓಡಿಸಿ ಬಿಸಿ ಓದುವ ಸೆನ್ಸರುಗಳ ಬಗ್ಗೆಯೂ ಮಾತು ಬಂತು. ಚಂದದ ದಾರಿ ಅದು. ಆದರೆ ರೇಡಿಯೋ ಮತ್ತೆ ಅದೇ ಲೋಹದ ಗೂಡಿನಲ್ಲಿ ಹಾಯಬೇಕು. ನಿಕಲ್-ಸತು ಫೆರೈಟಿನಲ್ಲಿ ಕ್ಯೂರಿ ಬಿಂದು ಇನ್ನೂ ಮೇಲಿರುವ ಬಗೆಗಳಿವೆ. ಅದನ್ನು ಹಾಕಿದರೆ ಸಿಗ್ನಲ್ ಉಳಿಯುತ್ತದೆ, ಕೆಪಾಸಿಟರ್ ಮತ್ತು ಎಪಾಕ್ಸಿ ಉಳಿಯುವುದಿಲ್ಲ.

ಹಾಗಾಗಿ ಹಳೆಯ ಜಗಳಕ್ಕೇ ವಾಪಸ್: ಕಂಪ್ರೆಸರ್ ಮೂತಿ. ಈ ಸಲ ಮಾಲೀಕರ ಕೈಯಲ್ಲಿ ಗ್ರಾಫ್ ಇತ್ತು. ಏರೋದವರು ಒಂದು ಷರತ್ತಿನ ಮೇಲೆ ಒಪ್ಪಿದರು. ಮೊದಲು ಡಮ್ಮಿ ಮೂತಿ ಇಟ್ಟು ಗಾಳಿಯ ನಷ್ಟ ಅಳೆಯಬೇಕು. ಗುಂಡಿನ ಆಕಾರದ ಮೂತಿ, ಹೊರಗಿನ ಸುರುಳಿಯನ್ನು ಹಿಡಿಯಲು ಮೂರು ತೆಳು ಕಾಲು. ನಷ್ಟ ಅವರು ಹೆದರಿದಷ್ಟು ಬರಲಿಲ್ಲ.

ಶಾಫ್ಟಿನ ನಡುವೆ ಕೊರೆದು ಥರ್ಮೋಕಪಲ್ ತಂತಿಯನ್ನು ಮೂತಿಯವರೆಗೂ ತಂದರು. ನಡುವೆ ಎಲ್ಲೂ ತಾಮ್ರ ಜೋಡಿಸುವಂತಿಲ್ಲ. ಕೆ-ಟೈಪ್ ಥರ್ಮೋಕಪಲ್ಲಿನ ಎರಡು ಲೋಹಗಳಾದ ಕ್ರೋಮೆಲ್, ಅಲ್ಯೂಮೆಲ್ ತಂತಿಗಳೇ ಬೋರ್ಡಿನವರೆಗೆ ಬರಬೇಕು. ತಾಮ್ರ ಸೇರುವ ಜಾಗದ ಬಿಸಿಯನ್ನು ಬೋರ್ಡ್ ಸರಿಯಾಗಿ ತಿಳಿದುಕೊಂಡರೆ ಮಾತ್ರ ಆ ತುದಿಯ ಲೆಕ್ಕ ಸರಿ. ಬಿಸಿ ಓದುವ ಚಿಪ್ಪನ್ನು ಆ ಕೂಡುವ ಜಾಗಕ್ಕೇ ಅಂಟಿಸಿದರು.

ಇನ್ನೊಂದು ನಮ್ಮೂರಿನ ತಲೆನೋವು, ಕರೆಂಟ್. ಒಂದು ಮಳೆಗಾಲದ ಸಂಜೆ ಓಟದ ನಡುವೆ ಕರೆಂಟ್ ಹೋಯಿತು. ಎಣ್ಣೆ ಪಂಪು ಕರೆಂಟಿನದು, ಸುರುಳಿಯ ಡ್ರೈವರೂ ಕರೆಂಟಿನದು. ಎರಡೂ ಒಟ್ಟಿಗೆ ನಿಂತವು. ಬೇರಿಂಗಿಗೆ ಅತಿ ಕೆಟ್ಟ ಹೊತ್ತು, ಅದೇ ಹೊತ್ತಲ್ಲಿ ಡೇಟಾ ಇಲ್ಲ. ಆಮೇಲೆ ಲಾರಿ ಬ್ಯಾಟರಿಯೊಂದನ್ನು ತಂದು ಎರಡಕ್ಕೂ ಕೊಟ್ಟರು.

ಬಂದ ಫಲ

ಹೊಸ ಜೋಡಣೆಯಲ್ಲಿ ಬೋರ್ಡಿನ ಬಿಸಿ ಎಂದೂ 80 ದಾಟಲಿಲ್ಲ. ಡಮ್ಮಿ ಚಾನಲ್ ಗೆರೆ ನೇರವಾಗಿಯೇ ಇತ್ತು. ನಿಲ್ಲಿಸಿದ ನಂತರದ ಗ್ರಾಫಿನಲ್ಲಿ ಬುಡದ ಗೆರೆ ಕೆಳಗಿಳಿಯುತ್ತದೆ, ಬೇರಿಂಗ್ ಪಕ್ಕದ ಗೆರೆ ಮೇಲೇರುತ್ತದೆ, ಒಂದು ಕಡೆ ಎರಡೂ ಹತ್ತಿರ ಬಂದು ಜೊತೆಯಾಗಿ ಇಳಿಯುತ್ತವೆ. ಕಂಪನಿಯವರು ಎಂಜಿನ್ ನಿಲ್ಲಿಸುವ ಕ್ರಮವನ್ನೇ ಬದಲಿಸಿದರು. ತಟ್ಟನೆ ಗ್ಯಾಸ್ ಕತ್ತರಿಸುವ ಬದಲು ಕಡಿಮೆ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ, ನಿಂತ ಮೇಲೂ ಎಣ್ಣೆ ಪಂಪು ನಡೆಸುತ್ತಾರೆ. ಆಮೇಲೆ ಬಿಚ್ಚಿದ ಬೇರಿಂಗಿನಲ್ಲಿ ಕಂದು ಪದರ ಇರಲಿಲ್ಲ.

ಬೇರೆಯವರು ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ನಾನು ಮೊದಲು ಕೇಳುವುದು ಫ್ರೀಕ್ವೆನ್ಸಿ ಎಷ್ಟು, ಚಿಪ್ಪು ಯಾವುದು ಅಂತ ಅಲ್ಲ. ಪವರ್ ಅರ್ಧ ಬಂದಾಗ ನಿಮ್ಮ ಅಂಕಿ ಏನು ಹೇಳುತ್ತದೆ? ಪವರ್ ಪೂರ್ತಿ ಬಂದರೆ ಸರಿ, ಪೂರ್ತಿ ಹೋದರೂ ಸರಿ, ಎರಡೂ ಕಣ್ಣಿಗೆ ಕಾಣುತ್ತವೆ. ಇಲ್ಲಿ ದುಡ್ಡು, ಹೊತ್ತು ತಿಂದದ್ದು ನಡುವಿನದು. ತಂತಿಯಿಲ್ಲದ ಪವರಿನಲ್ಲಿ ಈ ನಡುವಿನ ಸ್ಥಿತಿ ತಪ್ಪಿದ್ದಲ್ಲ. ಸಂದು ಬದಲಾದರೆ, ಬಿಸಿ ಬದಲಾದರೆ, ಪವರ್ ಬದಲಾಗುತ್ತದೆ. ಬೋರ್ಡಿನ ವೋಲ್ಟೇಜನ್ನೂ ಕಳಿಸುವುದಕ್ಕೆ ಪ್ಯಾಕೆಟ್ಟಿನಲ್ಲಿ ಎರಡು ಬೈಟ್ ಸಾಕು. ಡಮ್ಮಿ ಚಾನಲ್ಲಿಗೆ ಕೆಲವು ರೂಪಾಯಿ. ಇವು ಮೊದಲ ದಿನದಿಂದ ಇದ್ದಿದ್ದರೆ ಬೇರಿಂಗ್ ಬಿಚ್ಚುವ ಕೆಲಸವೇ ಬರುತ್ತಿರಲಿಲ್ಲ.

ದುಡ್ಡಿನ ವಿಷಯಕ್ಕೆ ಸ್ವಲ್ಪ ಎಳೆದಾಟ ನಡೆಯಿತು. ಸುರಂಗದಿಂದ ಮೂತಿಗೆ ಬದಲಿಸಿದ ಖರ್ಚು ಯಾರದು? ಜಾಗ ಬೇಡ ಅಂದವರು ಅವರು, ಸುರುಳಿಯ ಬಿಸಿ ಲೆಕ್ಕ ಹಾಕದವರು ಇವರು. ಅರ್ಧ ಅರ್ಧ ಅಂತ ಮುಗಿಸಿದರು. ಎರಡನೇ ಎಂಜಿನ್ನಿನ ಆರ್ಡರ್ ಈಗ ಬಂದಿದೆ. ಅದರ ಮೊದಲ ಪುಟದಲ್ಲಿ, ವೇಗ ಮತ್ತು ಬಿಸಿಯ ಮಿತಿಗಳ ಕೆಳಗೆ, ಹೊಸ ಸಾಲೊಂದು ಸೇರಿದೆ: ಶಾಫ್ಟ್ ನಿಂತ ನಂತರ ಒಂದು ಗಂಟೆ ಡೇಟಾ ಬರುತ್ತಿರಬೇಕು, ಊರಿನ ಕರೆಂಟ್ ಇದ್ದರೂ ಇಲ್ಲದಿದ್ದರೂ.